ಅಂಜಿಕೆಯೂ ಎಚ್ಚರವೂ

ಮನುಷ್ಯನಲ್ಲಿ ಹುಟ್ಟುವ ಭಯವೆಲ್ಲವೂ ದೌರ್ಬಲ್ಯವಲ್ಲ. ಕೆಲವನ್ನು ನೀಗಬೇಕು, ಕೆಲವನ್ನು ಕಾಪಾಡಿಕೊಳ್ಳಬೇಕು. ವ್ಯಾಪಾರಿಯು ಜಮೆಯನ್ನೂ ಖರ್ಚನ್ನೂ ಬೇರೆ ಬೇರೆಯಾಗಿ ಬರೆಯುವಂತೆ ಈ ಎರಡು ಬಗೆಯ ಭಯಗಳನ್ನು ವಿಂಗಡಿಸಿ ತೋರಿಸುವವನೇ ನಿಜವಾದ ಗುರು. ಎನ್.ಸಿ.ಸಿ. ಶಿಬಿರದಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳಿಗಾದ ಅನುಭವವು ಇದಕ್ಕೆ ನಿದರ್ಶನವಾಗಿದೆ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಇರುವೆಯನ್ನೂ ನೋಡಿ ಹೆಜ್ಜೆಯಿಡುವ ಶ್ರಾವಕರ ಮನೆಯ ಹುಡುಗಿ ಅವಳು. ಗುಂಡು ಹಾರಿಸುವ ಅಭ್ಯಾಸದ ದಿನ, ಪಕ್ಕದವಳ ರೈಫಲ್ಲಿನ ಸದ್ದಿಗೇ ಅವಳ ಕೈಕಾಲು ತಣ್ಣಗಾದವು. ತನ್ನ ಸರದಿ ಬಂದಾಗ ಕಣ್ಣು ಮುಚ್ಚಿ ಟ್ರಿಗರ್ ಎಳೆದಳು. ಗುಂಡು ಗುರಿಯ ಕಾಗದವನ್ನು ತಾಗಲೇ ಇಲ್ಲ. ಗೆಳತಿಯರು ನಕ್ಕರು.

ತರಬೇತಿ ನೀಡುತ್ತಿದ್ದ ಹವಾಲ್ದಾರರು ಕೊಡಗಿನವರು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುರಿಯಿಡುವ ನಾಡಿನಲ್ಲಿ ಬೆಳೆದವರು. ಅವರು ನಗಲಿಲ್ಲ, ಗದರಲೂ ಇಲ್ಲ.

“ಹೆದರುವುದು ತಪ್ಪಲ್ಲಮ್ಮಾ. ಯಾವುದಕ್ಕೆ ಹೆದರಿದೆ, ಹೇಳು.”

“ಸದ್ದಿಗೆ, ಸರ್. ಆಮೇಲೆ, ಯಾರಿಗಾದರೂ ತಗುಲಿಬಿಟ್ಟರೆ ಎಂದು.”

“ಹಾಗಾದರೆ ನಿನ್ನಲ್ಲಿರುವುದು ಎರಡು ಹೆದರಿಕೆ. ಮೊದಲನೆಯದನ್ನು ಕಳೆಯೋಣ. ಎರಡನೆಯದನ್ನು ಕೊನೆಯವರೆಗೂ ಇಟ್ಟುಕೋ.”

ಮರುದಿನ ಅವಳನ್ನು ಗುಂಪಿನಿಂದ ಬೇರೆಯಾಗಿ ಕೂರಿಸಿದರು. ಬೋಲ್ಟು ತೆರೆದು, ಒಳಗೆ ತೋಟಾ ಇಲ್ಲವೆಂಬುದನ್ನು ಅವಳೇ ನೋಡಿ ಖಚಿತಪಡಿಸಿಕೊಳ್ಳುವಂತೆ ಮಾಡಿದರು. ಬಳಸಿದ ತೋಟಾದ ಖಾಲಿ ಕೋಶವನ್ನು ಹಾಕಿ, ನಳಿಗೆಯ ತುದಿಯಲ್ಲಿ ನಾಣ್ಯವೊಂದನ್ನಿಟ್ಟು, ಅದು ಬೀಳದಂತೆ ಟ್ರಿಗರ್ ಒತ್ತಲು ಹೇಳಿದರು. ನಾಣ್ಯ ಹಲವು ಸಲ ಬಿದ್ದು, ಕೊನೆಗೊಮ್ಮೆ ನಿಂತಿತು. ಅನಂತರ ಕಿವಿಗೆ ರಕ್ಷಣೆ ಕೊಟ್ಟು, ರೈಫಲ್ಲಿಗೆ ತಾವೇ ತೋಟಾ ತುಂಬುತ್ತ ಬಂದರು. ಒಮ್ಮೆ ಅವಳಿಗೆ ತಿಳಿಯದಂತೆ ಖಾಲಿ ಕೋಶವನ್ನೇ ಹಾಕಿದರು. ಅವಳು ಟ್ರಿಗರ್ ಒತ್ತಿದಳು. ಸದ್ದಾಗಲಿಲ್ಲ, ಆದರೂ ನಳಿಗೆ ಕೆಳಕ್ಕೆ ಕುಸಿಯಿತು. ಗುರಿ ತಪ್ಪಿಸುತ್ತಿದ್ದುದು ಗುಂಡಿನ ಸದ್ದಲ್ಲ, ಸದ್ದಿಗೆ ಮುನ್ನವೇ ಬೆಚ್ಚುತ್ತಿದ್ದ ತನ್ನ ಮನಸ್ಸು ಎಂಬುದು ಅವಳಿಗೆ ಪ್ರತ್ಯಕ್ಷವಾಯಿತು. ಮೂರನೆಯ ದಿನ ಅವಳ ಐದು ಗುಂಡುಗಳೂ ಕಾಗದದ ಮೇಲೆ ಮೂಡಿದವು.

ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ, ಗುರಿಯ ನಡುಬಿಂದುವಿನ ವ್ಯಾಸ ಕೇವಲ 0.5 ಮಿಲಿಮೀಟರ್. ಅಲ್ಲಿ ತೋಳ್ಬಲಕ್ಕಿಂತ ಚಿತ್ತಸ್ಥೈರ್ಯಕ್ಕೇ ಬೆಲೆ. ಆ ರೈಫಲ್ಲಿನಲ್ಲಿ ಮದ್ದಿಲ್ಲ; ಒತ್ತಿದ ಗಾಳಿಯೇ ಗುಂಡನ್ನು ತಳ್ಳುತ್ತದೆ. ಸದ್ದೂ ಹಿಂದೊದೆತವೂ ಅಲ್ಪವಾದ ಕಾರಣ ಅಂಜುವವರಿಗೆ ಅದರಿಂದಲೇ ಕಲಿಕೆ ಆರಂಭಿಸುವುದು ಹಿತಕರ.

ಮನೆಗೆ ಮರಳಿದ ಮೊಮ್ಮಗಳ ಮಾತು ಕೇಳಿ ವೃದ್ಧ ಅಜ್ಜನವರ ಮುಖ ಬಾಡಿತು. “ನಮ್ಮ ಮನೆಯವಳ ಕೈಗೆ ಕೋವಿಯೇ?”

“ಖಾಲಿ ಕೋವಿಯನ್ನೂ ಯಾರ ಕಡೆಗೂ ತಿರುಗಿಸಬಾರದು ಅಜ್ಜಾ. ಗುರಿಯಿಟ್ಟು ಸಿದ್ಧವಾಗುವವರೆಗೆ ಟ್ರಿಗರಿನ ಮೇಲೆ ಬೆರಳಿಡಬಾರದು. ನಾನು ಕಲಿತ ಮೊದಲ ಪಾಠವೇ ಅದು.”

ಅಜ್ಜನವರು ಬಹಳ ಹೊತ್ತು ಸುಮ್ಮನಿದ್ದರು. ಹಿಂಸೆಯ ಲಕ್ಷಣವನ್ನು ಹೇಳುವ ತತ್ತ್ವಾರ್ಥಸೂತ್ರವು ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನೇ ಹೆಸರಿಸುವುದು ಅವರಿಗೆ ನೆನಪಾಗಿರಬೇಕು. ಕೋವಿಯನ್ನು ಅವರು ಆಗಲೂ ಮೆಚ್ಚಲಿಲ್ಲ. ಆದರೆ, “ನಿನಗೆ ಕಲಿಸಿದವರು ತಿಳಿದವರು” ಎಂದರು.

ಭಯಪಟ್ಟವರನ್ನು ನಗೆಪಾಟಲು ಮಾಡಿದರೆ ಅವರು ಭಯವನ್ನು ಅಡಗಿಸುತ್ತಾರೆ, ಇಲ್ಲವೇ ಅದರೊಡನೆ ಎಚ್ಚರವನ್ನೂ ತೊರೆಯುತ್ತಾರೆ. ಅಂಜಿಕೆ ಅಳಿದು ಎಚ್ಚರ ಉಳಿದಾಗಲೇ ಕಲಿಕೆ ಸಾರ್ಥಕ.