ಮೇಷ್ಟ್ರು ಲೆಟರ್‌ಹೆಡ್ ಎಲ್ಲಿಂದ ತರಬೇಕು?

ಹೋದ ವರ್ಷ ಹರಿಹರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾವು ಮೂವರು ಒಂದು ಇಡೀ ಮಧ್ಯಾಹ್ನ ಕೂತಿದ್ದೆವು. ಕೆಲಸ ನಮ್ಮದಲ್ಲ, ಬಿ.ಎ.ಯಲ್ಲಿ ನಮ್ಮ ಜೊತೆ ಓದಿದ ಗೆಳತಿಯದು. ಅವಳ ತಾಯಿ ದಾವಣಗೆರೆಯಲ್ಲಿದ್ದು, ಊರೂರಿನ ಹಬ್ಬ-ಜಾತ್ರೆಯ ನಾಟಕಗಳಿಗೆ ಹೆಣ್ಣು ಪಾತ್ರ ಮಾಡಲು ಹೋಗುವವರು. ನಿಮ್ಮೂರಿಗೂ ಇಂಥವರು ಬಂದಿರುತ್ತಾರೆ. ಊರಿನ ಹುಡುಗರು ಎರಡು ತಿಂಗಳು ತಾಲೀಮು ಮಾಡಿರುತ್ತಾರೆ. ಇವರು ಮಾತ್ರ ನಾಟಕದ ದಿನ ಸಂಜೆ ಬಸ್ಸಿಳಿದು, ಯಾರದೋ ಮನೆಯ ಪಡಸಾಲೆಯಲ್ಲಿ ಬಣ್ಣ ಹಚ್ಚಿಕೊಂಡು, ಬೆಳಗಿನವರೆಗೆ ಕುಣಿದು ಹಾಡಿ, ಮೊದಲ ಬಸ್ಸಿಗೆ ವಾಪಸ್. ಗೆಳತಿ ಹನ್ನೆರಡನೇ ವಯಸ್ಸಿನಿಂದ ಅಮ್ಮನ ಜೊತೆ ಹೋದವಳು. ಈಗ ಇಪ್ಪತ್ಮೂರು.

ಡಿಗ್ರಿ ಮುಗಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ನಾನು ನಾಟಕಾನೇ ಓದ್ತೀನಿ." ಅದಕ್ಕೆ ಅವರಮ್ಮ, "ಓದಿದ ಮ್ಯಾಲೂ ಇದನ್ನೇ ಮಾಡೋದಾದ್ರೆ ಯಾಕ್ ಓದಬೇಕವ್ವ?" ಅಂದರು. ಈ ಪ್ರಶ್ನೆಗೆ ನಮ್ಮಲ್ಲಿ ಇವತ್ತಿಗೂ ಉತ್ತರ ಇಲ್ಲ.

ಇಲ್ಲಿ ನಮ್ಮ ತಪ್ಪು ಹೇಳಿಬಿಡಬೇಕು. ಅದಕ್ಕೂ ಒಂದು ವರ್ಷ ಮೊದಲೇ ಅವಳು, "ನಾಟಕ ಕಲಿಯೋಕೆ ಏನಾದ್ರೂ ಸ್ಕಾಲರ್‌ಶಿಪ್ ಐತೇನು?" ಅಂತ ಕೇಳಿದ್ದಳು. ನಮಗೆ ಗೊತ್ತಿದ್ದದ್ದು ಎಸ್‌ಎಸ್‌ಪಿ ಒಂದೇ. ಅದು ಕಾಲೇಜಿನಲ್ಲಿ ಇದ್ದವರಿಗೆ ಅಂದು, "ನಾಟಕಕ್ಕೆ ಯಾರು ಕೊಡ್ತಾರೆ ಮಾರಾಯ್ತಿ" ಅಂತ ನಕ್ಕು ಸುಮ್ಮನಾದೆವು. ಜರ್ನಲಿಸಂ ಓದಿದವರು, ಹತ್ತು ನಿಮಿಷ ಹುಡುಕಿ ನೋಡಲಿಲ್ಲ. ಅವಳ ಒಂದು ವರ್ಷ ಹಾಗೆ ಹೋಯಿತು. ಆ ಒಂದು ವರ್ಷದ ಬೆಲೆ ಏನು ಅಂತ ಆಮೇಲೆ ಗೊತ್ತಾಯಿತು.

ಕೇಂದ್ರ ಸಂಸ್ಕೃತಿ ಸಚಿವಾಲಯದ್ದು ಯುವ ಕಲಾವಿದರ ವಿದ್ಯಾರ್ಥಿವೇತನ ಅಂತ ಒಂದಿದೆ. ದೆಹಲಿಯ ಸಿಸಿಆರ್‌ಟಿ ಎಂಬ ಸಂಸ್ಥೆ ಅರ್ಜಿ ಕರೆಯುತ್ತದೆ. ಸಂಗೀತ, ನೃತ್ಯಕ್ಕೆ ಮಾತ್ರ ಅಲ್ಲ, ನಾಟಕಕ್ಕೂ ಇದೆ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಆರು ತಿಂಗಳಿಗೊಂದು ಕಂತು. ಲೆಕ್ಕ ಹಾಕಿದರೆ 1,20,000. ಗುರುವಿನ ಹತ್ತಿರವೋ ಸಂಸ್ಥೆಯಲ್ಲೋ ಇನ್ನೂ ಮುಂದಿನ ಮಟ್ಟದ ತರಬೇತಿ ಪಡೆಯಲು ಈ ದುಡ್ಡು. ಆದರೆ ವಯಸ್ಸು 18ರಿಂದ 25ರ ಒಳಗೆ ಇರಬೇಕು. ಇಪ್ಪತ್ತೆರಡಕ್ಕೆ ಕೇಳಿದವಳನ್ನು ನಾವು ಇಪ್ಪತ್ಮೂರಕ್ಕೆ ತಂದು ನಿಲ್ಲಿಸಿದ್ದೆವು.

ನಾಟಕದವರನ್ನು ದುಡ್ಡು ಕೊಟ್ಟು ಓದಿಸುವುದು ಹೊಸದೇನಲ್ಲ. ಬಂಟ್ವಾಳ ತಾಲ್ಲೂಕಿನ ಮಂಚಿ ಎಂಬ ಹಳ್ಳಿಯಿಂದ ಮನೆ ಬಿಟ್ಟು ಓಡಿಬಂದ ಒಬ್ಬ ಹುಡುಗ ಗುಬ್ಬಿ ಕಂಪನಿ ಸೇರಿದ. ಅವನ ಕೈಯಲ್ಲಿ ಏನಿದೆ ಅಂತ ಮಾಲೀಕ ಗುಬ್ಬಿ ವೀರಣ್ಣನವರಿಗೆ ಕಂಡಿತು. ಅವನನ್ನು ಎಂ.ಎ. ಓದಲು ಬನಾರಸ್‌ಗೆ ಕಳಿಸಿದರು. ಅಲ್ಲಿ ಅವನು ಪಂಡಿತ್ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತವನ್ನೂ ಕಲಿತ. ಆ ಹುಡುಗನೇ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ 1962ರಲ್ಲಿ ಹೊರಬಂದರು. 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು. ನಡುವೆ 'ಚೋಮನ ದುಡಿ' ಸಿನಿಮಾ ಮಾಡಿ ಸ್ವರ್ಣಕಮಲ ತಂದರು. 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಬಾಕ್ಸಾಫೀಸಿನ ಟಿಕೆಟ್ ದುಡ್ಡಿನಲ್ಲಿ ನಡೆಯುತ್ತಿದ್ದ ಒಂದು ಡ್ರಾಮಾ ಕಂಪನಿ ಅವರನ್ನು ಎಂ.ಎ.ಗೆ ಕಳಿಸಿತ್ತು ಅನ್ನೋದು ನೆನಪಾದಾಗೆಲ್ಲ ನಮಗೆ ಮೈ ಜುಮ್ಮೆನ್ನುತ್ತದೆ.

ವೀರಣ್ಣನವರು ಕಾರಂತರ ಹತ್ತಿರ ಸರ್ಟಿಫಿಕೇಟ್ ಕೇಳುವ ಅಗತ್ಯ ಇರಲಿಲ್ಲ. ಹುಡುಗ ಅವರ ಕಣ್ಣ ಮುಂದೆಯೇ ಇದ್ದ. ದೆಹಲಿಯ ಕಚೇರಿಗೆ ನಮ್ಮ ಗೆಳತಿ ಕಾಣುವುದಿಲ್ಲ. ಅದಕ್ಕೆ ಕಾಗದ ಬೇಕು. ಅರ್ಜಿ ಕೇಳಿದ್ದು: ಕನಿಷ್ಠ ಐದು ವರ್ಷ ಗುರುವಿನ ಹತ್ತಿರವೋ ಸಂಸ್ಥೆಯಲ್ಲೋ ಕಲಿತಿರಬೇಕು, ಅದಕ್ಕೆ ಗುರುವಿನ ಸಹಿ ಇರುವ ಪತ್ರ.

ಅವಳ ಗುರು ಯಾರು? ಮೊದಲನೆಯವರು ತಾಯಿ. ಎರಡನೆಯವರು ತುಂಗಭದ್ರೆಯ ದಂಡೆಯ ಒಂದು ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರು. ನಲವತ್ತು ವರ್ಷದಿಂದ ಆ ಸುತ್ತಿನ ಊರುಗಳಿಗೆ ನಾಟಕ ಕಲಿಸಿದ್ದಾರೆ. ಕಲಿತವರ ಲೆಕ್ಕ ಇಲ್ಲ, ಲೆಟರ್‌ಹೆಡ್ ಇಲ್ಲ, ಸೀಲ್ ಇಲ್ಲ. ನಾವು ಹೋಗಿ ವಿಷಯ ಹೇಳಿದರೆ ನಕ್ಕರು. "ನಾನು ಕಲಿಸೀನಿ ಅನ್ನೋದಕ್ಕ ಅಕಿ ಹಾಡೋದು ಸಾಲದೇನ್ರೀ?"

ಸಾಲದು ಅಂತ ಅವರಿಗೆ ಹೇಳುವುದು ನಮಗೆ ಕಷ್ಟವಾಯಿತು.

ಕೊನೆಗೆ ಬಿಳಿ ಹಾಳೆಯ ಮೇಲೆ ಅವರೇ ಕೈಯಾರೆ ಬರೆದರು: ಯಾವ ವರ್ಷದಿಂದ ಕಲಿತಳು, ಯಾವ ರಂಗಗೀತೆ, ಯಾವ ಪಾತ್ರಗಳು. ಅದಕ್ಕೆ ಬೆಂಬಲವಾಗಿ ಏನಾದರೂ ಇರಲಿ ಅಂತ ನಾವು ಹ್ಯಾಂಡ್‌ಬಿಲ್ ಹುಡುಕಲು ಶುರು ಮಾಡಿದೆವು. ಅವರಮ್ಮ ಟ್ರಂಕಿನಿಂದ ಒಂದು ಕಟ್ಟು ತೆಗೆದರು. ಗುಲಾಬಿ, ಹಳದಿ, ಹಸಿರು ಕಾಗದ, ಕೆಲವಕ್ಕೆ ಎಣ್ಣೆ ಕಲೆ. ಎಣಿಸಿದರೆ ನಲವತ್ತರ ಮೇಲಿದ್ದವು. ಊರಿನ ಗೌಡರ ಹೆಸರು, ಲೈಟಿಂಗ್‌ನವರ ಹೆಸರು, ಶುಭ ಕೋರುವ ಗೊಬ್ಬರದ ಅಂಗಡಿಯ ಹೆಸರು ಎಲ್ಲ ಇವೆ. ಹೆಣ್ಣು ಪಾತ್ರದ ಜಾಗದಲ್ಲಿ ಮಾತ್ರ ಬಹಳಷ್ಟು ಕಡೆ 'ದಾವಣಗೆರೆಯ ಪ್ರಸಿದ್ಧ ನಟಿಯರಿಂದ' ಅಂತಷ್ಟೇ. ಗೆಳತಿಯ ಹೆಸರು ಅಚ್ಚಾಗಿದ್ದದ್ದು ಒಂಬತ್ತರಲ್ಲಿ. ಆ ಒಂಬತ್ತನ್ನೇ ಜೆರಾಕ್ಸ್ ಮಾಡಿಸಿದೆವು. ಗುಲಾಬಿ ಕಾಗದ ಸರಿಯಾಗಿ ಬೀಳದೆ ಅಂಗಡಿಯವರು ಮೂರು ಮೂರು ಸಲ ತೆಗೆದರು, ಒಂದೇ ಸಲದ ದುಡ್ಡು ತಗೊಂಡರು.

ನಾಟಕ ಆಡಿಸುವ ಊರಿನವರಿಗೆ ನಮ್ಮದೊಂದು ಕೋರಿಕೆ: ಹ್ಯಾಂಡ್‌ಬಿಲ್‌ನಲ್ಲಿ ಪಾತ್ರ ಮಾಡಿದವರ ಹೆಸರು, ವರ್ಷ, ತಾರೀಖು ಹಾಕಿಸಿ. ಪಾತ್ರ ಮಾಡುವ ಹುಡುಗ-ಹುಡುಗಿಯರೇ, ಅದರ ಒಂದು ಪ್ರತಿ ಇಟ್ಟುಕೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆದು ಇಟ್ಟರೂ ಆದೀತು.

ಇದೊಂದೇ ದಾರಿ ಅಂತಲ್ಲ. ದೆಹಲಿಯ ನಾಟಕ ಶಾಲೆಯ ಕೋರ್ಸ್ ಮೂರು ವರ್ಷದ್ದು, ಡಿಗ್ರಿ ಆದವರಿಗೆ. ಸೇರಿದ ಮೇಲೆ ತಿಂಗಳು ತಿಂಗಳು ವಿದ್ಯಾರ್ಥಿವೇತನ ಕೊಡುತ್ತಾರೆ. ಆದರೆ ಹಿಂದಿ, ಇಂಗ್ಲಿಷ್ ಕೆಲಸ ನಡೆಯುವಷ್ಟು ಬರಬೇಕು, ನಾಟಕ ಮಾಡಿದ ಅನುಭವಕ್ಕೆ ದಾಖಲೆ ಬೇಕು. ಅಲ್ಲೂ ಕಾಗದವೇ. ಅದೇ ಶಾಲೆಯ ಬೆಂಗಳೂರು ಕೇಂದ್ರದಲ್ಲಿ ಒಂದು ವರ್ಷದ ಕೋರ್ಸ್ ಇದೆ. ಕನ್ನಡದಲ್ಲೇ ಕಲಿಯಬೇಕು ಅಂದರೆ ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂ ಇದೆ. 1980ರಿಂದ ರಂಗಶಿಕ್ಷಣ ನಡೆಸುತ್ತಿದೆ, ಅಲ್ಲಿ ಕಲಿತು ಮುಂದೆ ದೆಹಲಿಗೆ ಹೋದವರಿದ್ದಾರೆ. ನಮಗೆ ಇನ್ನೂ ಹತ್ತಿರ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ. ಸಿನಿಮಾ ಕಡೆ ಮನಸ್ಸಿದ್ದರೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಿಂದ ಹೋದ ಗಿರೀಶ ಕಾಸರವಳ್ಳಿ ಅಲ್ಲೇ ಓದಿ 1975ರಲ್ಲಿ ಹೊರಬಂದವರು. ನಿಯಮ, ಕೊನೇ ದಿನಾಂಕ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ನಮ್ಮಂಥವರನ್ನು ಕೇಳಿ ಸುಮ್ಮನಾಗಬೇಡಿ.

ದಾವಣಗೆರೆಗೆ ಡ್ರಾಮಾ ಕಂಪನಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಕೆ.ಬಿ.ಆರ್. ಕಂಪನಿಯ ಊರು ಇದು. ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಗೆಳತಿಯ ತಾಯಿ ಈಗಲೂ ಅವರ ಹೆಸರು ಹೇಳುವಾಗ ಸೆರಗು ಸರಿ ಮಾಡಿಕೊಳ್ಳುತ್ತಾರೆ. ಅದೇ ತಾಯಿ ಮಗಳಿಗೆ ಈ ಕೆಲಸ ಬೇಡ ಅನ್ನುತ್ತಾರೆ. ಎರಡೂ ನಿಜ. ಹಬ್ಬದ ರಾತ್ರಿ ಶಿಳ್ಳೆ ಹೊಡೆದವರೇ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಹೇಗೆ ನೋಡುತ್ತಾರೆ ಅನ್ನೋದು ಅವರಿಗೆ ಗೊತ್ತು.

ಅರ್ಜಿ ಹೋಯಿತು. ತಜ್ಞರ ಮುಂದೆ ಮಾಡಿ ತೋರಿಸಬೇಕಾಗುತ್ತದೆ ಅಂತ ಗೊತ್ತಿದ್ದರಿಂದ ಗೆಳತಿ ನಮ್ಮ ರೂಮಿನಲ್ಲಿ ಒಂದು ದೃಶ್ಯ ಮಾಡಿ ತೋರಿಸಿದಳು. ನಮಗೆ ಚೆನ್ನಾಗಿಯೇ ಕಂಡಿತು. ಮೂಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ಅವರಮ್ಮ ಮಾತ್ರ ಲೋಟ ಕೆಳಗಿಟ್ಟು, "ಆ ಸಾಲು ಹಂಗಲ್ಲ, ಉಸಿರು ಹಿಡಿದು ಹೇಳು" ಅಂತ ಎದ್ದು ನಿಂತರು. ಒಂದು ತಾಸು ಇಬ್ಬರೂ ಅದೇ ಸಾಲನ್ನು ತಿದ್ದುತ್ತಿದ್ದರು. ನಾವು ಬಾಗಿಲ ಹತ್ತಿರ ಸರಿದು ಕೂತೆವು. ಫಲಿತಾಂಶ ಇನ್ನೂ ಬಂದಿಲ್ಲ.

ಮೇಷ್ಟ್ರು ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡಿದ್ದಾರೆ. ಕಲಿಯಲು ಬಂದವರ ಹೆಸರು, ಬಂದ ತಾರೀಖು ಬರೆಯುತ್ತಾರೆ. ಮೊನ್ನೆ ಫೋನ್ ಮಾಡಿ ಲೆಟರ್‌ಹೆಡ್ ಮಾಡಿಸಿಕೊಡಿ ಅಂದರು. ಸಂಸ್ಥೆಯ ಹೆಸರು ಏನಂತ ಹಾಕಿಸೋಣ ಮೇಷ್ಟ್ರೇ ಅಂತ ಕೇಳಿದೆವು. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ.