ವಾರಸುದಾರರಿಲ್ಲದ ಚೀಲ

ವರ್ಗವಾಗಿ ಚೆನ್ನೈಗೆ ಬಂದ ನಮ್ಮಂಥ ಕನ್ನಡಿಗರು ಈ ನಗರವನ್ನು ಕಡಲು, ಕಚೇರಿ, ಮಾರ್ಗಳಿಯ ಸಂಗೀತಗಳ ಮೂಲಕ ಅರಿಯುತ್ತೇವೆ. 1984ರ ಆಗಸ್ಟ್ 2ರ ರಾತ್ರಿ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ನಡೆದುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಕೊಲಂಬೊಗೆ ಹೋಗಬೇಕಿದ್ದ ಸಾಮಾನಿನೊಳಗಿನ ಬಾಂಬು ಇಲ್ಲಿಯೇ ಸಿಡಿದು ಸುಮಾರು 30 ಮಂದಿ ಅಳಿದರು. ದೂರವಾಣಿಯಲ್ಲಿ ಎಚ್ಚರಿಕೆ ಮೊದಲೇ ಬಂದಿತ್ತು. ಆದರೂ ಸ್ಫೋಟದ ಹೊತ್ತಿಗೆ ಜನ ಅಲ್ಲಿಯೇ ಇದ್ದರು. ಆ ಘಟನೆಯಲ್ಲಿ ನಮ್ಮನ್ನು ಕಾಡುವುದು ಬಾಂಬಿಗಿಂತಲೂ ಹೆಚ್ಚಾಗಿ ಈ ನಡುವಣ ಸಮಯ.

2014ರ ಮೇ 1ರ ಮುಂಜಾನೆ ಚೆನ್ನೈ ಸೆಂಟ್ರಲ್‌ನಲ್ಲಿ ನಿಂತಿದ್ದ ಬೆಂಗಳೂರು–ಗುವಾಹಟಿ ರೈಲಿನ ಎರಡು ಬೋಗಿಗಳಲ್ಲಿ ಸ್ಫೋಟವಾಯಿತು. ತರುಣಿಯೊಬ್ಬಳು ಅಸುನೀಗಿದಳು. ಅಂದು ಎಚ್ಚರಿಕೆಯ ಕರೆಯೇ ಇರಲಿಲ್ಲ. ಇಂದಿನ ಪರಿಸ್ಥಿತಿ ತಲೆಕೆಳಗು: ಎಚ್ಚರಿಕೆಗಳು ಧಾರಾಳ, ಬಾಂಬುಗಳಿಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ, ಮುಂದಿನ ಫೆಬ್ರುವರಿಯಲ್ಲಿ ಚೆನ್ನೈನ ಹಲವು ಶಾಲೆಗಳಿಗೆ ಬೆದರಿಕೆಯ ಇಮೇಲ್‌ಗಳು ಬಂದವು, ಎಲ್ಲವೂ ಹುಸಿ. ಹತ್ತನೆಯ ಹುಸಿಯ ನಂತರ ಹನ್ನೊಂದನೆಯದನ್ನು ಯಾರು ಗಂಭೀರವಾಗಿ ಎಣಿಸುತ್ತಾರೆ?

ನಾವು ದುಡಿಯುವ ಕೇಂದ್ರ ಸರ್ಕಾರದ ಕಟ್ಟಡದಲ್ಲಿ ಕಳೆದ ವರ್ಷ ಈ ಬಗ್ಗೆ ಅರ್ಧ ದಿನದ ತರಬೇತಿ ನಡೆಯಿತು. ಬಂದವರು ಬಾಂಬು ನಿಷ್ಕ್ರಿಯ ದಳದಲ್ಲಿ ಬಹುಕಾಲ ಇದ್ದ, ಮಾತಿನಲ್ಲಿ ಮಿತವ್ಯಯಿಯಾದ ಅಧಿಕಾರಿ. ಮುಟ್ಟಬೇಡಿ, ಸರಿಸಬೇಡಿ, ಮೇಲೆ ನೀರು ಸುರಿಯಬೇಡಿ. ಅದರ ಬಳಿ ಮೊಬೈಲ್, ವಾಕಿಟಾಕಿ ಬಳಸಬೇಡಿ. ಬೆದರಿಕೆಯ ಕರೆಯನ್ನು ನೀವಾಗಿ ಕಡಿಯದೆ, ಮಾತಿನ ಜೊತೆ ಹಿನ್ನೆಲೆಯ ಸದ್ದನ್ನೂ ಕೇಳಿಸಿಕೊಂಡು ಬರೆದಿಡಿ. ಇಮೇಲ್ ಅಳಿಸಬೇಡಿ, ವಾಟ್ಸಾಪಿನಲ್ಲಂತೂ ಹಂಚಲೇಬೇಡಿ. ಜನರನ್ನು ಹೊರಗೆ ಕರೆತಂದು ಗಾಜಿನ ಗೋಡೆಯ ಕೆಳಗೆ ಸಾಲಾಗಿ ನಿಲ್ಲಿಸುವುದು ಬೆಂಕಿಯ ಕವಾಯತಿನಿಂದ ಬಂದ ಅಭ್ಯಾಸ; ಸ್ಫೋಟದಲ್ಲಿ ಹಾರುವ ಗಾಜಿನಿಂದಲೇ ಬಹಳ ಮಂದಿ ಗಾಯಗೊಳ್ಳುತ್ತಾರೆ. ಮೊದಲ ಸ್ಫೋಟಕ್ಕೆ ಓಡಿಬರುವ ಪೊಲೀಸರು, ಆಂಬ್ಯುಲೆನ್ಸಿನವರು, ಕುತೂಹಲಿಗಳಿಗೆಂದೇ ಎರಡನೆಯದನ್ನು ಇಟ್ಟಿರಬಹುದು. ಆದ್ದರಿಂದ ಸೇರುವ ಜಾಗವನ್ನೂ ಮೊದಲು ಶೋಧಿಸಬೇಕು. ಇದನ್ನು ಹೇಳಿದಾಗ ಸಭೆ ನಿಶ್ಶಬ್ದವಾಯಿತು.

ಆತನ ಕೊನೆಯ ಪ್ರಶ್ನೆ: "ಬೆಳಿಗ್ಗೆ ಈ ಕಟ್ಟಡದ ಬಾಗಿಲು ತೆರೆಯುವವರು ಯಾರು?"

ಸಭೆಯಲ್ಲಿದ್ದವರು ನಾವು: ಅಧೀಕ್ಷಕರು, ಸಹಾಯಕರು, ಒಬ್ಬಿಬ್ಬರು ಉಪನಿರ್ದೇಶಕರು. ನಾವು ಬರುವುದು ಒಂಬತ್ತೂವರೆಗೆ, ಹೆಚ್ಚೆಂದರೆ ಒಂಬತ್ತೂಕಾಲಿಗೆ. ಏಳು ಗಂಟೆಗೆ ಮೆಟ್ಟಿಲು ಗುಡಿಸುತ್ತ, ಶೌಚಾಲಯದ ಮೂಲೆಗಳನ್ನು ತೊಳೆಯುತ್ತ, ಬಿದ್ದ ಚೀಲವನ್ನು ಎತ್ತಿ ಬದಿಗಿಡುವವರು ಗುತ್ತಿಗೆಯ ಮಹಿಳೆಯರು. ಅವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಸುತ್ತೋಲೆ ಇಂಗ್ಲಿಷ್, ಹಿಂದಿಗಳಲ್ಲಿತ್ತು. ಅವರ ಭಾಷೆ ತಮಿಳು. ಪರನಾಡಿನಲ್ಲಿ ಬದುಕುವ ನಮಗೆ, ಅರ್ಥವಾಗದ ಫಲಕದ ಮುಂದೆ ನಿಲ್ಲುವುದೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ.

ಟಿಪ್ಪಣಿ ಬರೆದೆವು, ಕಡತ ತನ್ನ ಗತಿಯಲ್ಲಿ ಚಲಿಸಿ, ಎರಡು ತಿಂಗಳ ಬಳಿಕ ತಮಿಳಿನಲ್ಲಿ ಇನ್ನೊಂದು ತರಬೇತಿ ಏರ್ಪಟ್ಟಿತು. ಅದೇ ಅಧಿಕಾರಿ ಬಂದು, ಹಳೆಯ ಊಟದ ಡಬ್ಬಿಯೊಂದನ್ನು ಮೆಟ್ಟಿಲ ಕೆಳಗಿಟ್ಟು, ಕಂಡರೆ ಏನು ಮಾಡುವಿರೆಂದು ಕೇಳಿದರು. ಹಿರಿಯಾಕೆಯೊಬ್ಬಳು ತಕ್ಷಣ ಹೇಳಿದಳು: "ಎತ್ತಿ ಕಾವಲಿನವರಿಗೆ ಕೊಡುತ್ತೇವೆ, ಐಯಾ. ಇಲ್ಲದಿದ್ದರೆ ಕದ್ದೆವೆನ್ನುತ್ತಾರೆ."

ಅಧಿಕಾರಿ ನಮ್ಮತ್ತ ತಿರುಗಿದರು. ಅದಕ್ಕೆ ಉತ್ತರ ಅವರ ಪಾಠದಲ್ಲಿರಲಿಲ್ಲ. ಸಾಮಾನು ಕಂಡರೆ ಮುಟ್ಟದೆ ತಿಳಿಸಬೇಕು, ಹಾಗೆ ಬಿಟ್ಟದ್ದು ಕಳೆದುಹೋದರೆ ಅವರನ್ನು ಹೊಣೆಯಾಗಿಸತಕ್ಕದ್ದಲ್ಲ ಎಂಬ ಎರಡು ಸಾಲಿನ ಆದೇಶಕ್ಕೆ ಮರುದಿನ ಮತ್ತೊಂದು ಕಡತ ತೆರೆದೆವು. ಅದು ಈಗ ಗುತ್ತಿಗೆದಾರರ ಒಪ್ಪಿಗೆಗಾಗಿ ಕಾಯುತ್ತಿದೆ.