ದೆವ್ವದ ತೋಡಿ

ಬೇರೆ ಕೇರಿಯ ಮಕ್ಕಳಿಗೆಲ್ಲ ಹುಣಸೆಮರದ ದೆವ್ವ, ಹಾಳುಬಾವಿಯ ಮೋಹಿನಿ ಇದ್ದರೆ, ಮೈಸೂರಿನ ಅಗ್ರಹಾರದ ನಮ್ಮ ವಠಾರದ ಮಕ್ಕಳ ಪಾಲಿಗೆ ಬಂದದ್ದು ಜಗನ್ಮೋಹನ ಅರಮನೆಯ ದೆವ್ವಗಳು. ಅವು ಯಾರ ಮೈಮೇಲೂ ಬರುತ್ತಿರಲಿಲ್ಲ, ಯಾರಿಗೂ ರಕ್ತ ಕಾರಿಸಿದ ಸುದ್ದಿಯಿರಲಿಲ್ಲ. ಕಾವಲಿನವನು ಬೀಗ ಜಡಿದು ಹೋದ ಮೇಲೆ ಸಭಾಂಗಣದಲ್ಲಿ ಒಂದೊಂದಾಗಿ ಬಂದು ಕೂತು, ಮಹಡಿಯ ಮೇಲಿದ್ದ ವೀಣೆಯನ್ನು ಯಾರಾದರೂ ಇಳಿಸಿಕೊಂಡು ಬರಲಿ ಅಂತ ಕಾಯುತ್ತಿದ್ದವು, ಅಷ್ಟೆ.

ಕಥೆಗೆ ಅಂತಲೇ ಒಂದು ಹೊತ್ತಿತ್ತು. ಕರೆಂಟು ಹೋಗಿ, ಲಾಟೀನಿನ ಗಾಜನ್ನು ವಿಭೂತಿ ಹಾಕಿ ಒರೆಸುವ ಸರದಿ ಯಾರದೆಂದು ಜಗಳವಾಗಿ, ಬಚ್ಚಲೊಲೆಗೆ ತುರುಕಿದ ಕರಟ ಚಟಪಟ ಅನ್ನುತ್ತ ಹಂಡೆಯ ನೀರು ಗುಂಯ್‌ಗುಡತೊಡಗಿ, ಸೀಮೆಣ್ಣೆಯ ವಾಸನೆಯೂ ಒಗ್ಗರಣೆಯ ಇಂಗಿನ ಘಮವೂ ಪಡಸಾಲೆಯಲ್ಲಿ ಒಂದರೊಳಗೊಂದು ಸೇರಿಕೊಂಡ ಮೇಲೆ, ದೊಡ್ಡಜ್ಜಿ ಕೊಳದಪ್ಪಲೆಯ ತುಂಬ ಹುಳಿಯನ್ನ ಕಲಸಿಕೊಂಡು ನಡುವೆ ಕೂರುತ್ತಿದ್ದಳು, ನಾವು ಸುತ್ತ ಕೈಚಾಚಿ ಕೂರುತ್ತಿದ್ದೆವು. ಮೊದಲ ತುತ್ತಿಗೆ ಬೀಗ ಬೀಳುತ್ತಿತ್ತು, ಎರಡನೆಯದಕ್ಕೆ ಮೆಟ್ಟಿಲು ಕಿರುಗುಟ್ಟುತ್ತಿತ್ತು, ಸರದಿ ಮೊಸರನ್ನಕ್ಕೆ ಬರುವ ಹೊತ್ತಿಗೆ ತಂತಿ ಮಿಡಿಯುತ್ತಿತ್ತು. ಹಾಗಾಗಿ ಮೊಸರನ್ನ ಬೇಡ ಅಂದ ಮಗು ನಮ್ಮ ವಠಾರದಲ್ಲಿ ಇರಲೇ ಇಲ್ಲ.

ನುಡಿಸುತ್ತಿದ್ದದ್ದು ಯಾರು ಅನ್ನುವುದರಲ್ಲಿ ದೊಡ್ಡಜ್ಜಿಗೆ ಅನುಮಾನವಿರಲಿಲ್ಲ. ಮದುವೆಯಾದ ಹೊಸತರಲ್ಲಿ ವೀಣೆ ಶೇಷಣ್ಣನವರನ್ನು ಕೇಳಿದ ಕಿವಿ ಅವಳದು. “ಅವರು 1926ರಲ್ಲೇ ಹೋದರಲ್ಲ ಅಜ್ಜಿ” ಅಂತ ಸ್ಕೂಲಿನಲ್ಲಿ ಜಾಣನೆನಿಸಿಕೊಂಡಿದ್ದ ನಮ್ಮಣ್ಣ ಕೇಳಿದರೆ, “ಹೋದೋರು ವೀಣೆ ತಗೊಂಡ್ ಹೋದ್ರೇನೋ?” ಅನ್ನುತ್ತಿದ್ದಳು. ಬೆಳಗಿನ ಜಾವಕ್ಕೆ ತೋಡಿ, ಅದೂ ಆಲಾಪನೆ ಮಾತ್ರ. ತಾನಕ್ಕೆ ಇಳಿಯುವಷ್ಟರಲ್ಲಿ ಕೋಳಿ ಕೂಗಿಬಿಡುತ್ತಿತ್ತಂತೆ. ಒಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಸೋದರಮಾವ ಅಲ್ಲಿಂದಲೇ “ತೋಡಿ ಅಲ್ಲ ಅಮ್ಮಾ, ಭೈರವಿ” ಅನ್ನುವುದು, ದೊಡ್ಡಜ್ಜಿ ರೇಗುವುದು, ಅಮ್ಮ, ಚಿಕ್ಕಮ್ಮ ಎಲ್ಲ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ತಮ್ಮ ತಮ್ಮ ಪಕ್ಷ ಹೇಳುವುದು. ದೆವ್ವ ಉಂಟೋ ಇಲ್ಲವೋ ಅನ್ನುವ ಚರ್ಚೆ ಮಾತ್ರ ಒಮ್ಮೆಯೂ ನಡೆಯಲಿಲ್ಲ.

ಅವು ಅಲ್ಲಿಗೆ ಬಂದದ್ದು ಹೇಗೆ ಅನ್ನುವುದಕ್ಕೂ ಅವಳಲ್ಲಿ ಲೆಕ್ಕವಿತ್ತು. 1861ರಲ್ಲಿ ಮುಮ್ಮಡಿಯವರು ಜಗನ್ಮೋಹನ ಕಟ್ಟಿಸಿದಾಗ ಅಲ್ಲಿ ಎಂಥ ಗಾಳಿಯೂ ಇರಲಿಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತಲ್ಲ, ಆಗ ಮನೆಯವರೆಲ್ಲ ಇಲ್ಲಿಗೆ ಬಂದರು, ಅವರ ಹಿಂದೆ ಅಲ್ಲಿನ ದೆವ್ವಗಳೂ ಬಂದವು. 1902ರಲ್ಲಿ ಕರ್ಜನ್ ಸಾಹೇಬ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟದ್ದನ್ನು ಅವು ಕಂಬದ ಮರೆಯಿಂದ ನೋಡಿದವು. 1912ಕ್ಕೆ ಹೊಸ ಅರಮನೆ ಮುಗಿದು ಮನೆಯವರು ಹೊರಟಾಗ ದೆವ್ವಗಳು ಹೊರಡಲಿಲ್ಲ. ಮೂರೇ ವರ್ಷಕ್ಕೆ ಅಲ್ಲಿ ಚಿತ್ರಶಾಲೆ ಶುರುವಾಯಿತು, ಹಳೆಯ ವಾದ್ಯಗಳೂ ಬಂದು ಕೂತವು. ಇನ್ನು ಅವು ಎಲ್ಲಿಗೆ ಹೋದಾವು? ಮುಂದೆ ಊರೂರ ಬಾಗಿಲ ಮೇಲೆ ‘ನಾಳೆ ಬಾ’ ಬರೆಯುವ ಕಾಲ ಬಂದಾಗ ನಮಗೆ ನಗು. ನಮ್ಮವು ಕರೆದರೂ ಬರುವ ಪೈಕಿಯಲ್ಲ, ಕಚೇರಿ ಬಿಟ್ಟು ಬರಬೇಕಲ್ಲ.

ಬೇಸಿಗೆ ರಜಕ್ಕೆ ನೆಂಟರ ಮಕ್ಕಳು ಬಂದರೆ ಅವರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಕೆಲಸ. ಫ್ರೆಂಚ್ ಗಡಿಯಾರದ ಮುಂದೆ ನಿಲ್ಲಿಸಿ, ಗಂಟೆ ತುಂಬಿದಾಗ ಬೊಂಬೆ ಸಿಪಾಯಿಗಳು ಸಾಲಾಗಿ ಹೋಗುವುದನ್ನು ನಮ್ಮದೇ ಸೈನ್ಯವೆಂಬಂತೆ ತೋರಿಸಿ, ಕೊನೆಗೆ ಬೇಕೆಂದೇ ಆ ಕತ್ತಲ ಕೋಣೆಗೆ ತಳ್ಳುತ್ತಿದ್ದೆವು. ಅಲ್ಲಿ ಅವಳಿದ್ದಳು: ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಜ್ವಾಲೆಗೆ ಮರೆ, ಬೆರಳ ಸಂದಿಯಲ್ಲಿ ಕೆಂಪು ಬೆಳಕು. ರವಿವರ್ಮನ ಚಿತ್ರವೆಂದು ದೊಡ್ಡವರು ಹೇಳುತ್ತಿದ್ದರು, ನಾವೂ ನಂಬಿದ್ದೆವು, ಅದು ಎಸ್. ಎಲ್. ಹಳದಂಕರರು ತಮ್ಮ ಮಗಳು ಗೀತಾಳನ್ನು ನಿಲ್ಲಿಸಿ ಬರೆದ ಜಲವರ್ಣವೆಂದು ತಿಳಿದದ್ದು ತಲೆ ನೆರೆಯತೊಡಗಿದ ಮೇಲೆ. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ರಾತ್ರಿ ಆರದ ದೀಪ ಅದೊಂದೇ, ದೆವ್ವಗಳ ಕಚೇರಿಗೆ ಬೆಳಕು ಹಿಡಿಯುವವಳು ಅವಳೇ. ನೋಡಿದ ಮಕ್ಕಳಲ್ಲಿ ಒಬ್ಬರಿಗಾದರೂ ಆ ರಾತ್ರಿ ಜ್ವರ. ದೊಡ್ಡಜ್ಜಿ ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬಾರದಿದ್ದರೆ “ನೋಡು, ಎಷ್ಟು ದೃಷ್ಟಿಯಾಗಿದೆ” ಅನ್ನುತ್ತಿದ್ದಳು.

ದಸರೆಯಲ್ಲಿ ನಿಜವಾದ ಕಚೇರಿಗಳು. ದೊಡ್ಡವರ ಮಡಿಲಲ್ಲಿ ನಿದ್ದೆ, ಎಚ್ಚರ, ಮತ್ತೆ ನಿದ್ದೆ. ಜರಿಸೀರೆಯ ಚುಚ್ಚು, ಬಾಡಿದ ಮೈಸೂರು ಮಲ್ಲಿಗೆ, ತನಿ ಶುರುವಾದೊಡನೆ ಬೆರಳೆಣಿಸುತ್ತಿದ್ದ ಮುದುಕರು. ಮುಗಿಸಿಕೊಂಡು ನೂರಡಿ ರಸ್ತೆಯಲ್ಲಿ ನಡೆದು ಬರುವಾಗ ಹಿಂದೆ ತಿರುಗಿ ನೋಡಬಾರದೆಂದು ನಮ್ಮ ಕಟ್ಟಳೆ. ಎರಡನೆಯ ಕಚೇರಿ ಶುರುವಾಗುವ ಹೊತ್ತು, ನೋಡಿದರೆ ಅವಕ್ಕೆ ಸಂಕೋಚವಾಗುತ್ತದೆ.

ದೊಡ್ಡಜ್ಜಿ ಹೋದಳು, ಮಾವ ಹೋದ. ವಠಾರ ಪಾಲಾಗಿ, ಹಂಡೆ ಯಾರ ಪಾಲಿಗೆ ಬಂತೋ, ಬಚ್ಚಲಿದ್ದ ಕಡೆ ಈಗ ಯಾರದೋ ಕಾರು ನಿಲ್ಲುತ್ತದೆ.

2018ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದಿಂದ ಮಾವನ ಮಗ ಫೋನು ಮಾಡಿ, “ನಮ್ಮ ದೀಪದ ದೆವ್ವ ಹೋಯ್ತಂತೆ ಕಣೇ, ಪೇಪರಲ್ಲಿದೆ” ಅಂದ. ಕೊಲ್ಹಾಪುರದಲ್ಲಂತೆ, 102 ವರ್ಷವಂತೆ. ನಾವು ನೆಂಟರ ಮಕ್ಕಳಿಗೆ ಜ್ವರ ಬರಿಸುತ್ತಿದ್ದಾಗ ಆಕೆ ಗಟ್ಟಿಮುಟ್ಟಾಗಿ ಬದುಕಿದ್ದರೆಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ದೊಡ್ಡಜ್ಜಿ ತೋಡಿ ಅಂತ ಗುನುಗ್ತಿದ್ಳಲ್ಲ, ನೆನಪಿದೆಯೇನೋ?” ಅಂದೆ. ನೆನಪಿಲ್ಲದೆ ಏನು ಅಂತ ಫೋನಿನಲ್ಲೇ ಹಾಡಿದ. ಹಾಡಿದ್ದು ಭೈರವಿ. ಮಾವನ ಮಗ ತಾನೇ.